‘ನಾಟಿಂಗ್‌ ಹಿಲ್‌’ನಲ್ಲಿ ವಿಲಿಯಂ ಬೇಡ ಅಂದದ್ದು ಸರಿಯಾ? ನಮ್ಮನೇಲಿ ತೀರ್ಮಾನ ಆಗ್ತಿಲ್ಲ

ತುಂಗಾತೀರ

ಭಾನುವಾರ ರಾತ್ರಿ ಊಟ ಮುಗಿಸಿ ನಾನೂ ನನ್ನ ಹೆಂಡತಿಯೂ ‘ನಾಟಿಂಗ್‌ ಹಿಲ್‌’ ಹಾಕಿಕೊಂಡು ಕೂತ್ವಿ. ಎಷ್ಟನೇ ಸಲವೋ ಲೆಕ್ಕ ಇಲ್ಲ. ಮೊದಲು ನೋಡಿದ್ದು 2000ದಲ್ಲಿ, ಶಿವಮೊಗ್ಗದಲ್ಲಿ ಬಾಡಿಗೆಗೆ ತಂದ ವಿಸಿಡಿಯಲ್ಲಿ. ಎರಡು ಡಿಸ್ಕ್‌. ಎರಡನೆಯದನ್ನು ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟ್‌ ಹೋಯ್ತು, ಉಳಿದ ಅರ್ಧ ಮಾರನೇ ದಿನ ನೋಡಿದ್ವಿ.

ನೋಡದವರಿಗೆ ನಾಲ್ಕು ಮಾತು. ಲಂಡನ್ನಿನ ನಾಟಿಂಗ್‌ ಹಿಲ್‌ ಅನ್ನೋ ಬಡಾವಣೆಯಲ್ಲಿ ಪ್ರವಾಸದ ಪುಸ್ತಕ ಮಾತ್ರ ಮಾರುವ ಸಣ್ಣ ಅಂಗಡಿ. ಅಂಗಡಿಯವನು ವಿಲಿಯಂ, ಅಂದ್ರೆ ಹ್ಯೂ ಗ್ರಾಂಟ್‌. ಹೆಂಡತಿ ಬಿಟ್ಟು ಹೋಗಿದ್ದಾಳೆ, ವ್ಯಾಪಾರ ನಷ್ಟದಲ್ಲಿದೆ. ಆ ಅಂಗಡಿಗೆ ಒಂದು ದಿನ ಹಾಲಿವುಡ್‌ನ ದೊಡ್ಡ ನಟಿ ಆನಾ ಸ್ಕಾಟ್‌ ಬರ್ತಾಳೆ. ಅದು ಜೂಲಿಯಾ ರಾಬರ್ಟ್ಸ್‌. ಇಬ್ಬರೂ ಹತ್ತಿರ ಆಗ್ತಾರೆ, ದೂರ ಆಗ್ತಾರೆ, ಮತ್ತೆ ಹತ್ತಿರ.

ನನ್ನ ಪ್ರಶ್ನೆ ಕೊನೆಯ ಭಾಗದ್ದು. ಆನಾ ಅಂಗಡಿಗೆ ಬರ್ತಾಳೆ. ಕೈಯಲ್ಲಿ ಕಾಗದ ಸುತ್ತಿದ ಒಂದು ಚಿತ್ರ. ಹೆಸರು ಕೀರ್ತಿ ಎಲ್ಲ ಪಕ್ಕಕ್ಕಿಟ್ಟು, ನಿನ್ನ ಜೊತೆ ಇರಬಹುದಾ ಅಂತ ನೇರವಾಗಿ ಕೇಳ್ತಾಳೆ. ಅವನು ಬೇಡ ಅಂತಾನೆ. ಕೂಗಾಡಲ್ಲ. ನೀನು ಮತ್ತೆ ಬಿಟ್ಟು ಹೋದ್ರೆ ನಾನು ಚೇತರಿಸಿಕೊಳ್ಳಲ್ಲ, ಜಗತ್ತಿಗೆಲ್ಲ ನೀನು ಗೊತ್ತು, ನನ್ನ ಹೆಸರು ನೆನಪಿಟ್ಕೊಳ್ಳೋಕೆ ನಮ್ಮಮ್ಮನೇ ಕಷ್ಟಪಡ್ತಾಳೆ ಅಂತಾನೆ. ಆ ಹೊತ್ತಲ್ಲಿ ಗ್ರಾಂಟ್‌ ಮುಖ ನೋಡಿ. ನಗ್ತಾ ಇರೋ ಹಾಗೆ ಕಾಣುತ್ತೆ, ಆದ್ರೆ ನಗು ಕಣ್ಣಿನವರೆಗೆ ಬರಲ್ಲ.

ನನ್ನ ಪ್ರಕಾರ ಅವನು ಮಾಡಿದ್ದು ಸರಿ. ಹೆಂಡತಿಗೆ ಹಾಗೆ ಹೇಳಿದೆ. ಅವಳು ‘ಅವಳಾಗಿ ಬಂದು ಕೇಳಿದ್ಮೇಲೂ ಹೀಗಾ’ ಅಂತ ಎದ್ದು ಅಡುಗೆಮನೆಗೆ ಹೋದವಳು ಕೊನೆ ನೋಡೋಕೆ ಬರಲೇ ಇಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಜೋಡಿಸ್ತಾ ಇದ್ದಳು. ಇಷ್ಟು ವರ್ಷದಲ್ಲಿ ಒಂದು ಸಿನಿಮಾಗೆ ಅವಳು ಹೀಗೆ ಆಡಿದ್ದು ನೋಡಿಲ್ಲ. ನೀವೇನಂತೀರಿ?

ಗಿರಿಕಾಫಿ

ಸರಿ ಸಾರ್‌, ನೂರಕ್ಕೆ ನೂರು ಸರಿ. ಲೆಕ್ಕ ಹಾಕಿ. ಮೊದಲ ಪೆಟ್ಟು: ರಿಟ್ಜ್‌ ಹೋಟೆಲಲ್ಲಿ ಅವಳ ರೂಮಿಗೆ ಹೋದ್ರೆ ಅಲ್ಲಿ ಅಮೆರಿಕದ ಬಾಯ್‌ಫ್ರೆಂಡ್‌ ಬಂದು ಕೂತಿದ್ದಾನೆ. ಅವನು ಇವನನ್ನ ರೂಮ್‌ ಸರ್ವೀಸಿನವನು ಅಂದ್ಕೊಂಡು ಎಂಜಲು ಪ್ಲೇಟು ಎತ್ಕೊಂಡು ಹೋಗು ಅಂತಾನೆ, ಇವನು ಎತ್ಕೊಂಡು ಹೋಗ್ತಾನೆ! ಎರಡು: ಮನೆ ಬಾಗಿಲಿಗೆ ಕ್ಯಾಮೆರಾದವರು ಮುತ್ತಿದಾಗ, ನಿನ್ನ ವ್ಯಾಪಾರಕ್ಕೆ ಒಳ್ಳೇದಾಯ್ತಲ್ಲ ಅಂತ ಚುಚ್ಚಿ ಹೋಗ್ತಾಳೆ. ಮೂರು: ಕೆನ್‌ವುಡ್‌ ಹೌಸ್‌ ಹತ್ತಿರದ ಶೂಟಿಂಗಿನಲ್ಲಿ ಇವನ ಕಿವಿಯಲ್ಲಿ ಹೆಡ್‌ಫೋನ್‌ ಇದೆ ಅಂತ ಗೊತ್ತಿಲ್ಲದೆ ಸಹನಟನ ಹತ್ರ ‘ಯಾರೋ ಹಳೇ ಪರಿಚಯ, ಯಾಕೆ ಬಂದಿದ್ದಾನೋ’ ಅನ್ನೋ ಅರ್ಥದಲ್ಲಿ ಹೇಳ್ತಾಳೆ.

ಮೂರು ಸಲ ಸುಟ್ಟುಕೊಂಡ ಕೈ. ನಾಲ್ಕನೇ ಸಲ ಒಲೆ ಮುಟ್ಟು ಅಂದ್ರೆ ಯಾರು ಮುಟ್ತಾರೆ?

ಹುಬ್ಬಳ್ಳಿ ಪೋರಿ

ಮೂರನೇದ್ದು ಲೆಕ್ಕಕ್ಕ ತಗೋಬ್ಯಾಡ್ರಿ ಕಾಫಿಯವರ. ಆಕಿ ಯಾರ ಮುಂದ ಹಂಗ ಅಂದ್ಲು ನೋಡ್ರಿ. ಆ ನಟನ ಬಾಯಾಗ ಒಂದು ಮಾತು ನಿಲ್ಲಂಗಿಲ್ಲ. ಅಂಥವನ ಮುಂದ ನನ್ನ ಮನಸಿನ ವಿಷಯ ಹೇಳ್ಲೇನು ಅಂತ ಆಕಿನ ಅಂಗಡಿಯೊಳಗ ಕೇಳ್ತಾಳ. ನಮ್ಮ ಆಫೀಸಿನ್ಯಾಗೂ ಅಂಥವ್ರು ಅದಾರ. ಮದುವಿ ಗೊತ್ತಾದಾಗ ನಾ ಒಬ್ರಿಗೂ ಹೇಳಿರ್ಲಿಲ್ಲ, ‘ಯಾರ್ರೀ ಅವ್ರು ಬಿಡಾಕ ಬಂದಿದ್ರಲ್ಲ’ ಅಂದ್ರ ‘ಪರಿಚಯದವ್ರು’ ಅಂದಿದ್ದೆ. ಅದು ಸುಳ್ಳು ಅಲ್ಲ, ಕಾಪಾಡ್ಕೊಳ್ಳೋದು.

ಎರಡನೇದು ಆಕಿದ ತಪ್ಪು, ಒಪ್ಪಿದೆ. ಆದ್ರ ಆ ದಿನ ಆಕಿ ಯಾಕ ಬಂದಿದ್ಲು ಅದನ್ನೂ ನೋಡ್ರಿ. ಹೆಸರು ಆಗೋಕಿಂತ ಮೊದ್ಲು, ಕೈಯಾಗ ರೊಕ್ಕ ಇಲ್ದಾಗ ತಗಿಸಿದ್ದ ಫೋಟೋ ಪೇಪರಿನ್ಯಾಗ ಬಂದಿದ್ವು. ಮಾನ ಬೀದಿಗೆ ಬಿದ್ದಾಗ ಆಕಿ ಹುಡುಕ್ಕೊಂಡು ಬಂದದ್ದು ವಿಲಿಯಂನ ಆ ನೀಲಿ ಬಾಗಿಲಿನ ಮನಿಗೆ. ಮಾರನೇ ದಿನ ಅದ ಬಾಗಿಲಿಗೆ ಕ್ಯಾಮೆರಾ! ಸಿಟ್ಟು ಬರಂಗಿಲ್ಲೇನ್ರಿ?

ನಾ ಅಂತೂ ನಿಮ್ಮ ಮನಿಯವ್ರ ಕಡೆ.

ಒಂದ್ಸಾಲು

ವಿಲಿಯಂನ ರೂಂಮೇಟ್‌ ಸ್ಪೈಕ್‌ ಇಲ್ಲದಿದ್ರೆ ಈ ಸಿನಿಮಾನೇ ಇಲ್ಲ.

ಗಿರಿಕಾಫಿ

@ಒಂದ್ಸಾಲು ಪತ್ರಿಕೆಯವರು ಬಂದದ್ದೇ ಅವನು ಪಬ್ಬಿನಲ್ಲಿ ಬಾಯಿ ಬಿಟ್ಟದ್ದರಿಂದ. ಅವಳು ಫೋನ್‌ ಮಾಡಿದ್ದನ್ನೂ ಸರಿಯಾಗಿ ಹೇಳಲ್ಲ. ಅಂಥ ರೂಂಮೇಟ್‌ ಶತ್ರುವಿಗೂ ಬೇಡ.

ಒಂದ್ಸಾಲು

ಕೊನೆಗೆ ‘ನೀನು ಮಾಡಿದ್ದು ದಡ್ಡತನ’ ಅಂತ ಮುಖದ ಮೇಲೆ ಹೇಳಿದವನೂ ಅವನೇ. ಉಳಿದ ಸ್ನೇಹಿತರೆಲ್ಲ ಸಮಾಧಾನ ಮಾಡ್ತಾ ಕೂತಿದ್ರು.

ಪುಸ್ತಕದ ಗಲ್ಲಾ

ನಾನು ಇಪ್ಪತ್ತು ವರ್ಷದಿಂದ ಪುಸ್ತಕದಂಗಡಿ ನಡೆಸ್ತಿದ್ದೇನೆ, ಸಾಹಿತ್ಯದ ಪುಸ್ತಕಗಳೇ ಹೆಚ್ಚು. ಈ ಸಿನಿಮಾವನ್ನು ಪ್ರೇಮಕ್ಕಾಗಿ ನೋಡೋರು ನೋಡಲಿ, ನಾನು ನೋಡೋದು ಅಂಗಡಿಗಾಗಿ. ಒಬ್ಬ ಗಿರಾಕಿ ಬಂದು ಡಿಕನ್ಸ್‌ ಇದೆಯಾ ಅಂತ ಕೇಳ್ತಾನೆ. ಇದು ಪ್ರವಾಸದ ಪುಸ್ತಕದ ಅಂಗಡಿ ಅಂತ ಹೇಳಿದ್ಮೇಲೂ ಗ್ರಿಶಮ್‌ನ ಹೊಸ ಥ್ರಿಲ್ಲರ್‌ ಇದೆಯಾ, ಅದೂ ಇಲ್ಲ ಅಂದ್ರೆ ಮಕ್ಕಳ ಪುಸ್ತಕ ಇದೆಯಾ ಅಂತ ಕೇಳ್ತಾನೇ ಹೋಗ್ತಾನೆ. ನನ್ನ ಅಂಗಡಿಗೆ ದಿನಾ ಅವನು ಬರ್ತಾನೆ, ಬೇರೆ ಬೇರೆ ಮುಖ ಹಾಕ್ಕೊಂಡು. ಕೆಎಎಸ್‌ ಗೈಡ್‌ ಇದೆಯಾ, ಪಂಚಾಂಗ ಇದೆಯಾ, ಎ4 ಹಾಳೆ ಇದೆಯಾ.

ಆಮೇಲೆ ಆ ಕಳ್ಳ. ಪುಸ್ತಕವನ್ನು ಪ್ಯಾಂಟಿನೊಳಗೆ ತುರುಕಿಕೊಂಡವನು. ವಿಲಿಯಂ ಅವನ ಕೊರಳಪಟ್ಟಿ ಹಿಡಿಯಲ್ಲ. ನಾನು ಆ ಕಡೆ ಹೋಗಿರ್ತೀನಿ, ಪುಸ್ತಕ ಹೊರಗೆ ತೆಗೆದು ವಾಪಸ್‌ ಇಡು ಇಲ್ಲ ಕೊಂಡ್ಕೋ ಅಂತ ದಾರಿ ಮಾಡಿಕೊಡ್ತಾನೆ. ಆನಾ ಅದನ್ನು ನಿಂತು ನೋಡ್ತಾಳೆ. ಅದೇ ಕಳ್ಳ ಅವಳ ಆಟೋಗ್ರಾಫ್‌ ಕೇಳಿದಾಗ ನೀನಿರಬೇಕಾದ್ದು ಜೈಲಲ್ಲಿ ಅಂತ ಬರೆದು ಸಹಿ ಹಾಕ್ತಾಳೆ. ನನಗನ್ನಿಸುತ್ತೆ, ಅವಳು ಅವನನ್ನು ಮೆಚ್ಚಿದ್ದು ಅಲ್ಲೇ. ತಪ್ಪು ಮಾಡಿದವನಿಗೂ ಮರ್ಯಾದೆ ಉಳಿಸಿ ಕಳಿಸೋ ಮನುಷ್ಯ ಇವನು ಅಂತ.

ಹಾಗಾಗಿ ತುಂಗಾತೀರ ಅವರ ಪ್ರಶ್ನೆಗೆ ನನ್ನ ಉತ್ತರ: ಅವನು ತಪ್ಪು ಮಾಡಿದ. ಕಳ್ಳನಿಗೆ ಕೊಟ್ಟ ಎರಡನೇ ಅವಕಾಶವನ್ನು ಅವಳಿಗೆ ಕೊಡಲಿಲ್ಲ.

ತುಂಗಾತೀರ

@ಪುಸ್ತಕದ ಗಲ್ಲಾ ಈ ಕೋನದಿಂದ ನಾನು ನೋಡಿರಲಿಲ್ಲ. ಆದ್ರೆ ಪುಸ್ತಕ ಕಳೆದುಕೊಳ್ಳೋದಕ್ಕೂ ಇದಕ್ಕೂ ವ್ಯತ್ಯಾಸ ಇಲ್ವಾ?

ಥೇಮ್ಸ್ ದಂಡೆಯ ಮೈಸೂರವಳು

ನಾನು ಲಂಡನ್ನಿಗೆ ಬಂದು ಹದಿಮೂರು ವರ್ಷ. ಅಂಗಡಿ ಅಂದ್ರಲ್ಲ, ಅದರ ಬಗ್ಗೆ ಹೇಳಲೇಬೇಕು, ಯಾಕೆಂದ್ರೆ ಊರಿಂದ ಬಂದವರನ್ನೆಲ್ಲ ಕರ್ಕೊಂಡು ಹೋಗೋದು ನಾನೇ.

ಸಿನಿಮಾಗೆ ಪ್ರೇರಣೆಯಾದ ನಿಜವಾದ ಅಂಗಡಿ ಬ್ಲೆನ್‌ಹೈಮ್‌ ಕ್ರೆಸೆಂಟ್‌ ಅನ್ನೋ ರಸ್ತೆಯಲ್ಲಿತ್ತು. ಹೆಸರು ದಿ ಟ್ರಾವೆಲ್‌ ಬುಕ್‌ಶಾಪ್‌, ನಿಜಕ್ಕೂ ಪ್ರವಾಸದ ಪುಸ್ತಕಗಳೇ. ಅದು 2011ರಲ್ಲಿ ಮುಚ್ಚಿತು. ಈಗ ಅದೇ ಜಾಗದಲ್ಲಿ ನಾಟಿಂಗ್‌ ಹಿಲ್‌ ಬುಕ್‌ಶಾಪ್‌ ಅಂತ ಬೇರೆ ಅಂಗಡಿ ಇದೆ, ಎಲ್ಲ ಬಗೆಯ ಪುಸ್ತಕ ಸಿಗುತ್ತೆ. ಆದ್ರೆ ಸಿನಿಮಾದಲ್ಲಿ ಕಾಣೋ ಅಂಗಡಿಯ ಮುಂಭಾಗ ಅದಲ್ಲ. ಅದು 142, ಪೋರ್ಟೊಬೆಲ್ಲೊ ರೋಡ್‌. ಆಗ ಹಳೇ ಕಾಲದ ಸಾಮಾನು ಮಾರೋ ಅಂಗಡಿಯಾಗಿತ್ತು, ಈಗ ನೆನಪಿನ ಕಾಣಿಕೆ ಮಾರ್ತಾರೆ. ಜನ ಎರಡೂ ಕಡೆ ಫೋಟೋ ತೆಗೆಸ್ಕೋತಾರೆ, ಬಹಳಷ್ಟು ಮಂದಿಗೆ ಯಾವುದು ಯಾವುದು ಅಂತ ಗೊತ್ತಿರಲ್ಲ.

ನೀಲಿ ಬಾಗಿಲು 280, ವೆಸ್ಟ್‌ಬೋರ್ನ್‌ ಪಾರ್ಕ್‌ ರೋಡ್‌. ಆ ಮನೆ ಆಗ ಚಿತ್ರಕಥೆ ಬರೆದ ರಿಚರ್ಡ್‌ ಕರ್ಟಿಸ್‌ ಅವರದ್ದೇ. ಮೂಲ ಬಾಗಿಲನ್ನು ಹರಾಜು ಹಾಕಿದರು, ಸ್ವಲ್ಪ ಕಾಲ ಅಲ್ಲಿ ಕಪ್ಪು ಬಾಗಿಲಿತ್ತು, ಈಗ ಮತ್ತೆ ನೀಲಿ. ಪಕ್ಕದಲ್ಲೇ ಜನ ಓಡಾಡ್ತಿರ್ತಾರೆ, ಒಳಗೆ ಯಾರೋ ಸಂಸಾರ ಮಾಡ್ತಿರ್ತಾರೆ. ನಮ್ಮತ್ತೆ ಮೆಟ್ಟಿಲ ಮೇಲೆ ಕೂರೋಕೆ ಹೋದಾಗ ಬೇಡಮ್ಮ, ಇದು ಯಾರದೋ ಹೊಸ್ತಿಲು ಅಂತ ತಡೆದೆ. ‘ಹೌದಲ್ಲೇ, ರಂಗೋಲಿ ಇಲ್ಲದ್ದಕ್ಕೆ ಗೊತ್ತಾಗ್ಲಿಲ್ಲ’ ಅಂತ ಎದ್ದರು.

ಮಾರುಕಟ್ಟೆ ನೋಡೋದಿದ್ರೆ ಶನಿವಾರ ಬನ್ನಿ. ಹಳೇ ಸಾಮಾನಿನವರು ಪೂರ್ತಿ ಸೇರೋದು ಅವತ್ತೇ.

ಹುಬ್ಬಳ್ಳಿ ಪೋರಿ

ನಿಮ್ಮ ಅತ್ತಿಯವ್ರ ಮಾತು ಭಾಳ ಸೇರ್ತು ನೋಡ್ರಿ ನನಗ.

ಬೀದಿದೀಪ

ಎಲ್ಲರೂ ಬಾಗಿಲು, ಅಂಗಡಿ ಅಂತ ಮಾತಾಡ್ತಿದ್ದೀರಿ. ನನಗೆ ಈ ಸಿನಿಮಾದ ಮೇಲೆ ಒಂದು ದೊಡ್ಡ ತಕರಾರಿದೆ.

ನಾಟಿಂಗ್‌ ಹಿಲ್‌ ಅಂದ್ರೆ ಲಂಡನ್ನಿನವರಿಗೆ ಮೊದಲು ನೆನಪಾಗೋದು ಕೆರಿಬಿಯನ್‌ ದ್ವೀಪಗಳಿಂದ ಬಂದ ಕಪ್ಪು ಜನ. 1948ರಿಂದ ಮುಂದೆ ಬಂದು ನೆಲೆಸಿದವರು. ಬೇರೆ ಕಡೆ ಬಾಡಿಗೆ ಮನೆ ಕೊಡ್ತಿರಲಿಲ್ಲ, ಇಲ್ಲಿ ಒಂದೊಂದು ಹಾಳು ಮನೆಯಲ್ಲಿ ಹತ್ತಾರು ಸಂಸಾರ ತುಂಬಿ ಬಾಡಿಗೆ ಹಿಂಡಿದರು. 1958ರ ಆಗಸ್ಟ್‌ ಕೊನೆಯಲ್ಲಿ ಬಿಳಿಯರ ಗುಂಪುಗಳು ಇವರ ಮನೆಗಳ ಮೇಲೆ ಬಿದ್ದವು, ದಿನಗಟ್ಟಲೆ ಗಲಭೆ. ಮರುವರ್ಷ ಮೇ ತಿಂಗಳಲ್ಲಿ ಕೆಲ್ಸೊ ಕಾಕ್ರೇನ್‌ ಅನ್ನೋ ಆಂಟಿಗುವಾದ ಬಡಗಿಯನ್ನು ಅದೇ ಪ್ರದೇಶದ ಬೀದಿಯಲ್ಲಿ ಚುಚ್ಚಿ ಕೊಂದರು. ಆ ಗಲಭೆಗೆ ಉತ್ತರವಾಗಿ ಕ್ಲಾಡಿಯಾ ಜೋನ್ಸ್‌ ಅನ್ನೋ ಹೋರಾಟಗಾರ್ತಿ 1959ರ ಜನವರಿಯಲ್ಲಿ ಸೇಂಟ್‌ ಪ್ಯಾಂಕ್ರಸ್‌ ಟೌನ್‌ ಹಾಲಿನೊಳಗೆ ಕೆರಿಬಿಯನ್‌ ಕಾರ್ನಿವಲ್‌ ಮಾಡಿದರು. 1966ರಲ್ಲಿ ಅಂಥ ಹಬ್ಬ ನಾಟಿಂಗ್‌ ಹಿಲ್‌ನ ಬೀದಿಗಿಳಿಯಿತು. ಇವತ್ತಿಗೂ ಆಗಸ್ಟ್‌ ಕೊನೆಯ ಭಾನುವಾರ ಸೋಮವಾರ ಲಕ್ಷಗಟ್ಟಲೆ ಜನ, ಉಕ್ಕಿನ ಡ್ರಮ್ಮು, ಗರಿಗಳ ಕಿರೀಟ.

ಈಗ ಸಿನಿಮಾ ನೋಡಿ. ಇಡೀ ವರ್ಷ ದಾಟೋ ಕಥೆ. ಒಂದು ಕಾರ್ನಿವಲ್‌ ಇಲ್ಲ. ವಿಲಿಯಂನ ಊಟದ ಮೇಜಿನ ಸುತ್ತ ಒಬ್ಬ ಕಪ್ಪು ಸ್ನೇಹಿತ ಇಲ್ಲ. ಊರಿನ ಹೆಸರನ್ನು ತಲೆಗೇರಿಸಿಕೊಂಡ ಸಿನಿಮಾ ಊರಿನ ಜನರನ್ನೇ ಬಿಟ್ಟಿದೆ.

ಗಿರಿಕಾಫಿ

ಅಯ್ಯೋ, ಎರಡು ಗಂಟೆ ಖುಷಿಯಾಗಿರೋಣ ಅಂತ ನೋಡೋ ಸಿನಿಮಾಕ್ಕೂ ಇತಿಹಾಸ ಪರೀಕ್ಷೆ ಬೇಕಾ?

ಬೀದಿದೀಪ

@ಗಿರಿಕಾಫಿ ನಿಮ್ಮ ಮಲೆನಾಡಿನ ಕಾಫಿ ತೋಟದ ಮೇಲೆ ಒಬ್ಬರು ಸಿನಿಮಾ ಮಾಡಿ, ಅದರಲ್ಲಿ ಲೈನ್‌ಮನೆ ಇಲ್ಲ, ಹಣ್ಣು ಕುಯ್ಯೋ ಒಂದು ಆಳೂ ಇಲ್ಲ, ಬರೀ ಬಂಗಲೆ ವರಾಂಡ ಮಂಜು ತೋರಿಸಿದ್ರೆ ನಿಮಗೇನೂ ಅನ್ಸಲ್ವಾ?

ಗಿರಿಕಾಫಿ

ಅನ್ಸುತ್ತೆ. ಅಂಥ ಸಿನಿಮಾಗಳು ಬಂದಿವೆ, ಅನ್ಸಿದೆ. ಸರಿ, ಈ ಮಾತು ಒಪ್ಪಿದೆ.

ಥೇಮ್ಸ್ ದಂಡೆಯ ಮೈಸೂರವಳು

ಬೀದಿದೀಪ ಅವರ ಮಾತು ಹೊಸದಲ್ಲ, ಸಿನಿಮಾ ಬಂದ 1999ರಲ್ಲೇ ಇಲ್ಲಿನ ಪತ್ರಿಕೆಗಳು ಇದನ್ನೇ ಬರೆದಿದ್ದವು. ಕರ್ಟಿಸ್‌ ಅವರೇ 2023ರಲ್ಲಿ ಚೆಲ್ಟನಂ ಸಾಹಿತ್ಯೋತ್ಸವದಲ್ಲಿ, ಸ್ವಂತ ಮಗಳು ಕೇಳಿದ ಪ್ರಶ್ನೆಗೆ, ಆ ಪಾತ್ರಗಳನ್ನು ಬರೆಯೋಕೆ ನನಗೆ ಬರಲ್ಲ ಅಂತ ಹಿಂಜರಿದದ್ದು ತಪ್ಪು ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದಕ್ಕೆ ಗೌರವ ಇದೆ. ಆದರೂ ಪ್ರತಿವರ್ಷ ಕಾರ್ನಿವಲ್‌ ದಿನ ಆ ಬೀದಿಗಳಲ್ಲಿ ನಡೆಯುವಾಗ, ಅಂಗಡಿಗಳ ಗಾಜಿಗೆಲ್ಲ ಹಲಗೆ ಹೊಡೆದಿರೋದು ನೋಡುವಾಗ, ಇದು ಬೇರೆಯೇ ಊರು ಅನ್ಸುತ್ತೆ.

ರೀಲುಡಬ್ಬ

ತಡವಾಗಿ ಬಂದೆ. ನಾನು ಬೆಂಗಳೂರಲ್ಲಿ ಎಡಿಟಿಂಗ್‌ ಕೆಲಸ ಮಾಡೋನು. ಇಡೀ ಚರ್ಚೆಯಲ್ಲಿ ಯಾರೂ ಆ ನಡಿಗೆಯ ಬಗ್ಗೆ ಮಾತೇ ಆಡಿಲ್ಲವಲ್ಲ!

ಕ್ಯಾಮೆರಾದವರು ಮುತ್ತಿದ ದಿನ ಆನಾ ಮನೆ ಬಾಗಿಲು ದಾಟಿ ಹೋದ ಮೇಲೆ ವಿಲಿಯಂ ಪೋರ್ಟೊಬೆಲ್ಲೊ ಮಾರುಕಟ್ಟೆಯಲ್ಲಿ ನಡೀತಾನೆ. ಹಿನ್ನೆಲೆಯಲ್ಲಿ ಬಿಲ್‌ ವಿದರ್ಸ್‌ ಹಾಡು. ಅವನು ನಡೀತಿದ್ದ ಹಾಗೇ ಮಳೆ ಬರುತ್ತೆ, ಹಿಮ ಬೀಳುತ್ತೆ, ಮತ್ತೆ ಬಿಸಿಲು. ಒಂದು ವರ್ಷ ಹೋಯ್ತು. ಒಂದೇ ಶಾಟ್‌ ಹಾಗೆ ಕಾಣುತ್ತೆ, ಬೇರೆಬೇರೆಯಾಗಿ ತೆಗೆದು ಹೊಲಿಗೆ ಕಾಣದ ಹಾಗೆ ಸೇರಿಸಿದ್ದಾರೆ. ನಡಿಗೆಯ ಶುರುವಿನಲ್ಲಿ ಒಬ್ಬ ಬಸುರಿ ಹೆಂಗಸು ಕಾಣ್ತಾಳೆ. ಕೊನೆಯಲ್ಲಿ ಅವಳೇ ಮಗು ಎತ್ಕೊಂಡು ನಿಂತಿರ್ತಾಳೆ. ಅವನ ತಂಗಿ ಹನಿ ಕೂಡ ಹಾದುಹೋಗ್ತಾಳೆ, ಮೊದಲು ಹೊಸ ಗೆಳೆಯನ ಜೊತೆ, ಮುಂದೆ ಅವನ ಜೊತೆ ಮುರಿದುಕೊಂಡು. ಎಲ್ಲರ ಬದುಕೂ ಮುಂದೆ ಹೋಗಿದೆ, ಅವನ ಅಂಗಿ ಕೂಡ ಬದಲಾಗಿಲ್ಲ. ‘ಒಂದು ವರ್ಷದ ನಂತರ’ ಅಂತ ಅಕ್ಷರ ಹಾಕಿ ಮುಗಿಸಬಹುದಿತ್ತು. ನಾವು ದಿನಾ ಹಾಗೇ ಮುಗಿಸ್ತೀವಿ, ಬಜೆಟ್‌ ಇರಲ್ಲ. ಆದ್ರೆ ಈ ನಡಿಗೆಗೆ ಬೇಕಾಗಿದ್ದು ಬಜೆಟ್‌ಗಿಂತ ಯೋಚನೆ.

ನಿರ್ದೇಶಕ ರಾಜರ್‌ ಮಿಶೆಲ್‌ ಇದಕ್ಕಿಂತ ಮುಂಚೆ, 1995ರಲ್ಲಿ, ಜೇನ್‌ ಆಸ್ಟಿನ್‌ ಕಾದಂಬರಿ ‘ಪರ್ಸ್ವೇಷನ್‌’ ಚಿತ್ರ ಮಾಡಿದ್ದವರು. ಅದೂ ಒಮ್ಮೆ ಬೇಡ ಅಂದ, ಆಮೇಲೆ ವರ್ಷಗಟ್ಟಲೆ ಕಾದ ಪ್ರೇಮ. ಆ ಹದ ಇಲ್ಲೂ ಇದೆ. 2021ರಲ್ಲಿ ತೀರಿಕೊಂಡರು. ಎಲ್ಲರೂ ಕರ್ಟಿಸ್‌ ಹೆಸರೇ ಹೇಳ್ತಾರೆ, ಮಿಶೆಲ್‌ ಹೆಸರು ಒಬ್ಬರೂ ಹೇಳಲ್ಲ ಅನ್ನೋದು ನನ್ನ ಬಹುದಿನದ ಸಂಕಟ.

ಕಡಲ ಬದಿ

ನಡಿಗೆಯ ಸೀನ್‌ ಚಂದ ಉಂಟು ಮಾರಾಯ್ರೆ. ಆದ್ರೆ ಇಡೀ ವರ್ಷ ಅವ ಎಂತ ಮಾಡಿದ್ದು? ನಡೆದದ್ದು ಮಾತ್ರ! ಒಂದು ಫೋನ್‌ ಮಾಡ್ಲಿಕ್ಕೆ ಆಗ್ಲಿಲ್ವಾ? ಪ್ರತಿ ಸಲ ಬಂದದ್ದು ಅವಳೇ. ಅಂಗಡಿಗೆ ಅವಳು, ಮನೆಗೆ ಅವಳು, ಮತ್ತೆ ಅಂಗಡಿಗೆ ಅವಳು.

ಹತ್ತೊಂಬತ್ತು ದಾಟಿದವಳು

ಅದೇ ಅಂತ! ನನಗೆ 22. ಕಳೆದ ತಿಂಗಳು ಮೊದಲ ಸಲ ನೋಡಿದೆ, ಹಾಸ್ಟೆಲಲ್ಲಿ, ಲ್ಯಾಪ್‌ಟಾಪ್‌ ಸುತ್ತ ಆರು ಜನ. ನಮ್ಮಲ್ಲಿ ನಾಲ್ವರಿಗೆ ವಿಲಿಯಂ ಮೇಲೆ ಸಿಟ್ಟು. ಬಾಗಿಲಿಗೆ ಕ್ಯಾಮೆರಾದವರು ಬಂದದ್ದು ಅವನಿಗೆ ಗೊತ್ತು, ತಾನೇ ತೆಗೆದು ನೋಡಿ ಮುಚ್ಚಿದ್ದಾನೆ. ಆಮೇಲೆ ಅವಳು ಹೋಗಿ ತೆಗೆದಾಗ ತಡೆಯೋದೇ ಇಲ್ಲ! ಹ್ಯೂ ಗ್ರಾಂಟ್‌ ಅವರೇ 2024ರ ಒಂದು ಸಂದರ್ಶನದಲ್ಲಿ ಆ ದೃಶ್ಯ ನೋಡಿದ್ರೆ ತನ್ನ ಪಾತ್ರದ ಮೇಲೆ ಬೇಜಾರಾಗುತ್ತೆ ಅಂತ ಹೇಳಿದ್ದಾರೆ.

ಮಲ್ಲಿಗೆ ಮೊಳ

ಹುಡುಗಿಯರೇ, ಸ್ವಲ್ಪ ನಿಲ್ಲಿ. ನಾನು ಬೇರೆ ಸಿನಿಮಾಗಳನ್ನು ನೋಡಿ ಬೆಳೆದವಳು. ನಮ್ಮ ಕಾಲದ ನಾಯಕ ಬಸ್‌ಸ್ಟಾಪಿನಿಂದ ಕಾಲೇಜಿನವರೆಗೂ ಹಿಂದೆ ಬರ್ತಿದ್ದ, ದಾರಿ ಅಡ್ಡಗಟ್ಟಿ ಹಾಡ್ತಿದ್ದ, ಬೇಡ ಅಂದ್ರೆ ಅದನ್ನು ಬೇಕು ಅಂತಲೇ ತಿಳ್ಕೊಳ್ತಿದ್ದ. ಅದನ್ನು ನೋಡಿ ಕಲಿತ ಒಬ್ಬ ನನ್ನ ಹಿಂದೆ ಎರಡು ವರ್ಷ ಅಲೆದ. ಪಿಯುಸಿ ಓದುವಾಗ ನಾನು ದಿನಾ ಬೇರೆ ಬೇರೆ ಬಸ್ಸು ಹತ್ತಿದ್ದೇನೆ. ಹೊರಡೋ ಮುಂಚೆ ಅಣ್ಣ ಗೇಟಿನ ಹತ್ರ ನಿಂತು ಎರಡೂ ಕಡೆ ನೋಡ್ತಿದ್ದ.

ಈ ಸಿನಿಮಾ ನೋಡಿದಾಗ ನನಗೆ ಮದುವೆಯಾಗಿ ಮಗು ಇತ್ತು. ಹೋಗು ಅಂದ್ರೆ ಹೋಗೋ ನಾಯಕನನ್ನು ಮೊದಲ ಸಲ ನೋಡಿದ್ದೆ. ರಿಟ್ಜ್‌ನ ರೂಮಿನಿಂದ ಅವನು ಒಂದು ಮಾತೂ ಎತ್ತದೆ ಹೊರಟುಹೋದಾಗ ನನಗೆ ಅಳು ಬಂತು. ಅವನು ಏನೂ ಮಾಡಲ್ಲ ಅಂತೀರಲ್ಲ, ಆ ಏನೂ ಮಾಡದೇ ಇರೋದರ ಬೆಲೆ ನನಗೆ ಗೊತ್ತು.

ಕಡಲ ಬದಿ

ಅಕ್ಕ, ಇದಕ್ಕೆ ನನ್ನತ್ರ ಉತ್ತರ ಇಲ್ಲ. ಫೋನಿನ ಮಾತು ವಾಪಸ್‌ ತಗೊಂಡೆ.

ಹತ್ತೊಂಬತ್ತು ದಾಟಿದವಳು

ನಾನು ಪೂರ್ತಿ ವಾಪಸ್‌ ತಗೊಳ್ಳಲ್ಲ ಮಲ್ಲಿಗೆ ಅಕ್ಕ. ಹಿಂದೆ ಬೀಳಬಾರದು, ಸರಿ. ಆದ್ರೆ ಅವಳೇ ಬಂದು ಕೇಳಿದಾಗ ಮಾತಾಡಬಹುದಲ್ಲ? ಇವೆರಡರ ನಡುವೆ ಜಾಗ ಇದೆ.

ಎರಡು ಗಾಲಿ

ಬ್ರೌನಿ ದೃಶ್ಯದ ಬಗ್ಗೆ ಬರೀತೀನಿ. ಹನಿಯ ಹುಟ್ಟುಹಬ್ಬದ ಊಟ, ವಿಲಿಯಂನ ಸ್ನೇಹಿತರಾದ ಮ್ಯಾಕ್ಸ್‌ ಮತ್ತು ಬೆಲ್ಲಾ ದಂಪತಿಯ ಮನೆಯಲ್ಲಿ. ತಟ್ಟೆಯಲ್ಲಿ ಒಂದೇ ಬ್ರೌನಿ ಉಳಿದಿದೆ, ಯಾರ ಬದುಕು ಎಲ್ಲಕ್ಕಿಂತ ಸೋತಿದೆಯೋ ಅವರಿಗೆ ಅದು. ಒಬ್ಬೊಬ್ಬರೇ ಹೇಳ್ತಾ ಹೋಗ್ತಾರೆ. ಬೆಲ್ಲಾ ಗಾಲಿಕುರ್ಚಿಯಲ್ಲಿದ್ದಾಳೆ. ತನಗೆ ಮಕ್ಕಳಾಗಲ್ಲ ಅನ್ನೋದನ್ನು ಅಲ್ಲಿ ಹೇಳ್ತಾಳೆ. ಮೇಜು ಒಂದು ಕ್ಷಣ ಸುಮ್ಮನಾಗುತ್ತೆ. ಹಿನ್ನೆಲೆಯಲ್ಲಿ ಪಿಟೀಲು ಎಳೆದು ಅಳಿಸೋಕೆ ಹೋಗಿಲ್ಲ.

ನನ್ನ ತಂಗಿ ಒಂಬತ್ತು ವರ್ಷದಿಂದ ಗಾಲಿಕುರ್ಚಿ ಬಳಸ್ತಾಳೆ. ನಮ್ಮ ಸಿನಿಮಾಗಳಲ್ಲಿ ಅಂಥ ಪಾತ್ರ ಬಂದ್ರೆ ಒಂದೋ ಕೊನೆಗೆ ಎದ್ದು ನಡೀಬೇಕು, ಇಲ್ಲ ಸಾಯ್ಬೇಕು. ಬೆಲ್ಲಾ ಎರಡೂ ಮಾಡಲ್ಲ. ಸ್ನೇಹಿತರಿಗೆ ಊಟ ಹಾಕ್ತಾಳೆ, ಬೈತಾಳೆ, ಗಂಡನನ್ನು ಪ್ರೀತಿಸ್ತಾಳೆ. ಒಂದು ರಾತ್ರಿ ಮ್ಯಾಕ್ಸ್‌ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಮಲಗೋಕೆ ಹೋಗ್ತಾನೆ, ವಿಲಿಯಂ ಕೆಳಗೆ ಒಬ್ಬನೇ ಉಳೀತಾನೆ. ಕೊನೆಯಲ್ಲಿ ವಿಲಿಯಂ ಆನಾಳನ್ನು ಹುಡುಕಿ ಹೊರಟು ಕಾರಿಗೆ ಎಲ್ಲರೂ ನುಗ್ಗುವಾಗ ಬೆಲ್ಲಾ ಹಿಂದುಳಿದದ್ದು ಗೊತ್ತಾಗಿ, ಅಷ್ಟು ಅವಸರದಲ್ಲೂ ಅವಳನ್ನು ಎತ್ತಿ ಕೂರಿಸಿಕೊಂಡೇ ಹೊರಡ್ತಾರೆ.

ಹೋದ ವರ್ಷ ನೆಂಟರ ಮದುವೆಗೆ ವ್ಯಾನ್‌ ಹೊರಟಾಗ ಜಾಗ ಸಾಲಲ್ಲ ಅಂತ ತಂಗಿಯನ್ನು ಮನೇಲೇ ಬಿಡೋಣ ಅಂದರು. ನಾನು ಇಳಿದೆ. ಕುರ್ಚಿ ಮಡಚಿ ಮೇಲೆ ಕಟ್ಟಿ, ಅವಳನ್ನು ಮುಂದಿನ ಸೀಟಿಗೆ ಕೂರಿಸಿ, ನಾನು ಬಸ್ಸಲ್ಲಿ ಹೋದೆ. ಅವತ್ತು ರಾತ್ರಿ ಅವಳು ‘ನಾಟಿಂಗ್‌ ಹಿಲ್‌ ಮಾಡಿದೆಯಲ್ಲೋ’ ಅಂದಳು. ನಮ್ಮ ಮನೆಯಲ್ಲಿ ಈಗ ಅದೊಂದು ಕ್ರಿಯಾಪದ.

ಹುಬ್ಬಳ್ಳಿ ಪೋರಿ

ಓದಿ ಕಣ್ಣಾಗ ನೀರು ಬಂತ್ರಿ ಅಣ್ಣಾರ.

ಪುಸ್ತಕದ ಗಲ್ಲಾ

ತಂಗಿಗೆ ನನ್ನ ನಮಸ್ಕಾರ ಹೇಳಿ.

ಹಾಡುಪಾಡು

ಹಾಡಿನ ಬಗ್ಗೆ ಒಂದು ತಿದ್ದುಪಡಿ, ಬೇರೊಂದು ಕಡೆ ತಪ್ಪು ನೋಡಿದ್ದೆ. ‘ಶೀ’ ಹಾಡನ್ನು ಇದರಲ್ಲಿ ಹಾಡಿದ್ದು ಎಲ್ವಿಸ್‌ ಕಾಸ್ಟೆಲೊ. ಎಲ್ವಿಸ್‌ ಪ್ರೆಸ್ಲಿ ಅಲ್ಲ, ಅವರು ತೀರಿಕೊಂಡದ್ದೇ 1977ರಲ್ಲಿ! ಮೂಲ ಹಾಡು ಫ್ರೆಂಚ್‌ ಗಾಯಕ ಶಾರ್ಲ್‌ ಅಜ್ನಾವೂರ್‌ ಅವರದ್ದು, 1974ರದ್ದು. ಎರಡನ್ನೂ ಕೇಳಿ. ಅಜ್ನಾವೂರ್‌ ಕಳೆದುಕೊಂಡವರ ಹಾಗೆ ಹಾಡ್ತಾರೆ, ಕಾಸ್ಟೆಲೊ ಈಗಷ್ಟೇ ಸಿಕ್ಕವರ ಹಾಗೆ.

ರೀಲುಡಬ್ಬ

ತಿದ್ದುಪಡಿ ಅಂದಾಗ ನೆನಪಾಯ್ತು. ಆನಾ ತರೋ ಚಿತ್ರ ಮಾರ್ಕ್‌ ಶಗಾಲ್‌ ಬರೆದ ‘ಲಾ ಮಾರಿಯೆ’, ಮದುಮಗಳು ಅಂತ ಅರ್ಥ, 1950ರದ್ದು. ಅದರ ಅಗ್ಗದ ಪೋಸ್ಟರು ವಿಲಿಯಂ ಮನೆಯ ಗೋಡೆ ಮೇಲಿರುತ್ತೆ. ವಾದ್ಯ ನುಡಿಸೋ ಮೇಕೆ ಇರೋ ಚಿತ್ರ. ಅವಳು ತಂದದ್ದು ಅದರ ಅಸಲು. ಅಂದ್ರೆ ಅವನ ಗೋಡೆಯನ್ನು ಅವಳು ಅಷ್ಟು ದಿನ ನೆನಪಿಟ್ಟುಕೊಂಡಿದ್ದಳು. ಅವಳು ಹೋಗಿ ಸ್ನೇಹಿತರೆಲ್ಲ ಸೇರಿದ ಮೇಲೆ ಇದು ಅಸಲು ಅಂತ ಗೊತ್ತಾಗುತ್ತೆ. ಬೇಡ ಅಂದದ್ದು ಎಷ್ಟು ದೊಡ್ಡದು ಅಂತ ಅವನಿಗೆ ತಿಳಿಯೋದು ಆವಾಗ. ತುಂಗಾತೀರ ಅವರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಅನ್ಸುತ್ತೆ: ಗೊತ್ತಿಲ್ಲದೆ ಬೇಡ ಅಂದ, ಗೊತ್ತಾದ ಮೇಲೆ ಓಡಿದ.

ಗಿರಿಕಾಫಿ

ಅಂದ್ರೆ ಕೋಟಿಗಟ್ಟಲೆ ಬೆಲೆ ಬಾಳೋ ಚಿತ್ರ ಅಂತ ಗೊತ್ತಾಗಿ ಓಡಿದ ಅಂತಲಾ?

ರೀಲುಡಬ್ಬ

ಅಲ್ಲ ಸಾರ್‌! ಬೆಲೆ ಬಾಳೋದನ್ನು ಕೊಟ್ಟು, ಅದರ ಬಗ್ಗೆ ಒಂದು ಮಾತೂ ಆಡದೆ ಹೋದಳಲ್ಲ, ಅದಕ್ಕೆ.

ಥೇಮ್ಸ್ ದಂಡೆಯ ಮೈಸೂರವಳು

ವಿಷಯಾಂತರಕ್ಕೆ ಕ್ಷಮೆ ಇರಲಿ. ಲಂಡನ್ನಿಗೆ ಬರೋರಿಗೆ: ಕ್ಲೈಮಾಕ್ಸಿನ ಪತ್ರಿಕಾಗೋಷ್ಠಿ ನಡೆಯೋದು ಸವಾಯ್‌ ಹೋಟೆಲಲ್ಲಿ. ಅಲ್ಲಿಂದ ಥೇಮ್ಸ್‌ ನದಿಯ ಇನ್ನೊಂದು ದಂಡೆ ಹಿಡಿದು ಆಲ್ಬರ್ಟ್‌ ಎಂಬ್ಯಾಂಕ್‌ಮೆಂಟಿನವರೆಗೆ ನಡೆದ್ರೆ ನಮ್ಮ ಬಸವಣ್ಣನವರ ಪ್ರತಿಮೆ ಸಿಗುತ್ತೆ, 2015ರ ನವೆಂಬರಿನಲ್ಲಿ ಸ್ಥಾಪನೆ ಆದದ್ದು. ನಮ್ಮತ್ತೆಗೆ ಬೆಳಗ್ಗೆ ನೀಲಿ ಬಾಗಿಲು, ಸಂಜೆ ಬಸವಣ್ಣ. ಎರಡೂ ಕಡೆ ಒಂದೇ ಸೀರೆ ಬೇಡ ಅಂತ ಮಧ್ಯಾಹ್ನ ಮನೆಗೆ ಬಂದು ಬದಲಾಯಿಸಿದ್ದರು.

ಕಡಲ ಬದಿ

ಸವಾಯಿಂದ ಅಲ್ಲಿಗೆ ನಡೀಲಿಕ್ಕೆ ಎಷ್ಟೊತ್ತು ಬೇಕು?

ಥೇಮ್ಸ್ ದಂಡೆಯ ಮೈಸೂರವಳು

ನಿಂತು ನೋಡ್ತಾ ಹೋದ್ರೆ ಮುಕ್ಕಾಲು ಗಂಟೆ ಇಟ್ಕೊಳ್ಳಿ. ವಾಟರ್‌ಲೂ ಸೇತುವೆ ದಾಟಿ ಬಲಕ್ಕೆ ತಿರುಗಿ.

ತುಂಗಾತೀರ

ಎಲ್ಲರಿಗೂ ವಂದನೆ. ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಎರಡು ಗಾಲಿ ಅವರದ್ದನ್ನು ಎರಡು ಸಲ ಓದಿಸಿದಳು. ಆಮೇಲೆ ಫೋನ್‌ ಇಲ್ಲಿ ಕೊಡಿ, ನಾನೇ ಬರೀತೀನಿ ಅಂದಳು. ಮುಂದಿನದು ಅವಳದ್ದು. ನಾನು ಓದಿಲ್ಲ.

ತುಂಗಾತೀರ

ನಮಸ್ಕಾರ. ಇವರು ಪ್ರಶ್ನೆ ಕೇಳಿದ್ದಾರೆ, ಉತ್ತರ ಇವರಿಗೇ ಗೊತ್ತಿರಬೇಕಿತ್ತು.

1996ರಲ್ಲಿ ಇವರ ಮನೆಯವರು ನನ್ನನ್ನು ನೋಡೋಕೆ ತೀರ್ಥಹಳ್ಳಿಗೆ ಬಂದಿದ್ದರು. ಉಪ್ಪಿಟ್ಟು ಕೊಡೋ ನೆಪದಲ್ಲಿ ಐದು ನಿಮಿಷ ಮಾತಾಡೋಕೆ ಬಿಟ್ಟರು. ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ, ಓದು ಮುಗೀಲಿ, ಈಗ ಬೇಡ ಅಂದೆ. ಇವರು ‘ಸರಿ’ ಅಂದರು. ಲೋಟ ಕೆಳಗಿಟ್ಟು, ಅಪ್ಪನಿಗೆ ನಮಸ್ಕಾರ ಮಾಡಿ ಹೋದರು. ಮಲ್ಲಿಗೆ ಮೊಳ ಅವರು ಬರೆದ ಹಾಗೆ, ಹೋಗು ಅಂದ್ರೆ ಹೋಗೋ ಮನುಷ್ಯ. ಅದಕ್ಕೇ ನನಗೆ ಹಿಡಿಸಿದ್ದು.

ಒಂದು ವರ್ಷ ಇವರಿಂದ ಸುದ್ದಿ ಇಲ್ಲ. ಪರೀಕ್ಷೆ ಮುಗಿದ ದಿನ ನಾನೇ ಕಾಗದ ಬರೆದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಪೋಸ್ಟ್‌ ಡಬ್ಬಿಗೆ ಹಾಕಿ ಕೈ ಒಳಗೇ ಇಟ್ಟುಕೊಂಡು ನಿಂತಿದ್ದೆ, ಬಿಡೋಕೆ ಧೈರ್ಯ ಬರಲಿಲ್ಲ. ಹದಿನೆಂಟು ದಿನ ಉತ್ತರ ಇಲ್ಲ. ಇವರು ಯೋಚನೆ ಮಾಡ್ತಾ ಇದ್ದರಂತೆ.

ಆ ಹುಡುಗಿ ಚಿತ್ರ ಹಿಡ್ಕೊಂಡು ಅಂಗಡಿಯೊಳಗೆ ನಿಂತಿದ್ದಾಳಲ್ಲ, ಆ ಹದಿನೆಂಟು ದಿನ ನಾನು ಹಾಗೆ ನಿಂತಿದ್ದೆ. ಬೇಡ ಅನ್ನೋದು ಸರಿಯೋ ತಪ್ಪೋ ಅಂತ ಇವರು ಸೋಫಾ ಮೇಲೆ ಕೂತು ಆರಾಮಾಗಿ ಲೆಕ್ಕ ಹಾಕಿದ್ದು ನನಗೆ ಸಹಿಸಲಿಲ್ಲ. ಅದಕ್ಕೆ ಎದ್ದು ಹೋದೆ.

22 ವರ್ಷದ ಹುಡುಗಿ ಬರೆದದ್ದು ಸರಿಯಾಗಿದೆ. ನಡುವೆ ಜಾಗ ಇದೆ.

ಹುಬ್ಬಳ್ಳಿ ಪೋರಿ

ಅಕ್ಕಾರ, ಆ ಕಾಗದ ಇನ್ನೂ ಐತೇನ್ರಿ?

ತುಂಗಾತೀರ

ಈಗ ಓದಿದೆ, ನಾನೇ ಬರೀತಿದ್ದೇನೆ. ಕಾಗದ ಇದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ, ನನ್ನ ಡಿಗ್ರಿ ಸರ್ಟಿಫಿಕೇಟಿನ ಕೆಳಗೆ. ಹದಿನೆಂಟು ದಿನ ಅಂತ ನನಗೆ ಗೊತ್ತಿರಲಿಲ್ಲ. ಏಣಿ ತರೋಕೆ ಹೋಗ್ತಿದ್ದೇನೆ.